18 ತುಂಬಿದ ಮೇಲೆ ಎಲ್ಲಿಗೆ?

ಬಾಲಮಂದಿರದಲ್ಲಿ ಬೆಳೆದ ಅನಾಥ ಮಕ್ಕಳು 18 ವರ್ಷ ತುಂಬುತ್ತಲೇ ಅಲ್ಲಿಂದ ಹೊರಡಬೇಕು. ವಿಶೇಷ ಗೃಹದಿಂದ ಬಿಡುಗಡೆಯಾದವರಿಗೂ ಮನೆಯಿಲ್ಲದಿದ್ದರೆ ಅದೇ ಪಾಡು. ಬಸ್ ನಿಲ್ದಾಣವೇ ಗತಿ.

ಕಾನೂನು ಇವರನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು ಆರ್ಥಿಕ ನೆರವಿಗೆ ಅವಕಾಶ ನೀಡಿದೆ. 2016ರ ಮಾದರಿ ನಿಯಮಗಳ ಪ್ರಕಾರ 21ರವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ಅನುಪಾಲನೆ ದೊರೆಯಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಆದರೆ ಈ ಹಣ ಕೈಸೇರಿದರೂ ಬಾಡಿಗೆಗೆ ಕೊಡುವವರು ಮುಂಗಡದ ಜೊತೆಗೆ ಇನ್ನೊಂದನ್ನೂ ಕೇಳುತ್ತಾರೆ: 'ನಿಮ್ಮ ತಂದೆ ಯಾರು? ನೀವು ಯಾವ ಜನ?'

ಆ ಪ್ರಶ್ನೆಯನ್ನೇ ಅಳಿಸಲು ಹೊರಟವರು ಬಸವಾದಿ ಶರಣರು. ನಮ್ಮ ಪ್ರಸಾದನಿಲಯಗಳ ಅರ್ಜಿಯಲ್ಲಿಯೂ ಜಾತಿ, ಒಳಪಂಗಡದ ಕಾಲಂ ಇದ್ದರೆ ಮೊದಲು ಅದನ್ನು ತೆಗೆಯೋಣ. ಪ್ರತಿ ಪ್ರಸಾದನಿಲಯವೂ ಇಂತಹ ಇಬ್ಬರಿಗೆ ಸ್ಥಾನ ಕಾದಿರಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದು ತಿಳಿಸಲಿ. ಹೆಣ್ಣುಮಕ್ಕಳಿಗೂ ಪ್ರತ್ಯೇಕ ವ್ಯವಸ್ಥೆಯಾಗಲಿ. ಮೂರು ವರ್ಷ ನೆಲೆ ಸಿಕ್ಕರೆ ಐಟಿಐ ಮುಗಿಸಿ ಸ್ವಂತ ಕಾಯಕ ಹಿಡಿಯುತ್ತಾರೆ.

ಜಾತ್ರೆಗೆ ಬಂದವರಿಗೆಲ್ಲ ಪ್ರಸಾದ ನೀಡುವ ಮಠಗಳು, ಮನೆಯಿಲ್ಲದ ಈ ಮಕ್ಕಳಿಗೆ ಒಂದು ವಿಳಾಸವನ್ನೂ ನೀಡಲಿ. ಅದೂ ದಾಸೋಹವೇ.