ಸೂಜಿ ಒರೆಸದವರ ಸೌಂದರ್ಯಮೀಮಾಂಸೆ

ಕಲೆಯ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ಸ್ಫೂರ್ತಿ ಇರುತ್ತದೆ, ಧ್ಯಾನ ಇರುತ್ತದೆ, ಬಣ್ಣವಂತೂ ಧಾರಾಳವಾಗಿ ಇರುತ್ತದೆ. ಬಣ್ಣ ಬಳಿದಾದ ಮೇಲೆ ಬ್ರಷ್ಷು ತೊಳೆದವರು ಯಾರು ಎಂಬ ಮಾತು ಮಾತ್ರ ಬರುವುದಿಲ್ಲ. ಇದು ಆಕಸ್ಮಿಕ ಎಂದು ನಾನು ನಂಬುವುದಿಲ್ಲ.

ಪಿಎಚ್‌ಡಿ ಕೆಲಸದ ನಡುವೆ ಬಿಡುವಾದಾಗ ನಾನು ಪ್ಲಾಸ್ಟಿಕ್ ಮಾಡೆಲ್‌ಗಳಿಗೆ ಬಣ್ಣ ಹಾಕುತ್ತೇನೆ. ನಿಜವಾದದ್ದರ 72ನೇ ಒಂದು ಭಾಗದಷ್ಟಿರುವ ವಿಮಾನ, 35ನೇ ಒಂದು ಭಾಗದಷ್ಟಿರುವ ಟ್ಯಾಂಕು, ಹೀಗೆ. ಮುಗಿದ ವಿಮಾನವನ್ನು ಗೆಳೆಯರು ಅಂಗೈ ಮೇಲಿಟ್ಟುಕೊಂಡು ಮೆಚ್ಚುತ್ತಾರೆ. ಅದಕ್ಕೆ ಬಳಸಿದ ಏರ್‌ಬ್ರಷ್ ಬಿಚ್ಚಿ ತೊಳೆಯುತ್ತ ಕೂತಿದ್ದರೆ ಅದೇ ಗೆಳೆಯರು, "ಇದನ್ನೆಲ್ಲ ಮಾಡಿಕೊಡೋಕೆ ಯಾರೂ ಸಿಗಲ್ವಾ?" ಎನ್ನುತ್ತಾರೆ. ಈ ಬರಹ ಆ ಪ್ರಶ್ನೆಯ ವಿರುದ್ಧ.

ಏರ್‌ಬ್ರಷ್ ಎಂದರೆ ಪೆನ್ನಿನಷ್ಟು ದೊಡ್ಡ ಸ್ಪ್ರೇ ಗನ್. ಮೇಲೊಂದು ಬಣ್ಣದ ಬಟ್ಟಲು, ಹಿಂದಿನಿಂದ ಮುಂದಿನವರೆಗೆ ಹಾದುಹೋದ ಚೂಪು ಸೂಜಿ, ಮೂತಿಯಲ್ಲಿ ಸಣ್ಣದೊಂದು ನಾಝಲ್. ಟ್ರಿಗರ್ ಒತ್ತಿದರೆ ಕಂಪ್ರೆಸರಿನ ಗಾಳಿ ಬರುತ್ತದೆ, ಹಿಂದಕ್ಕೆಳೆದರೆ ಸೂಜಿ ಸರಿದು ಬಣ್ಣ ಬರುತ್ತದೆ. ನಾಝಲ್ಲಿನ ರಂಧ್ರ ಸಾಮಾನ್ಯವಾಗಿ 0.2ರಿಂದ 0.5 ಮಿಲಿಮೀಟರ್. ಅಕ್ರಿಲಿಕ್ ಬಣ್ಣದೊಳಗಿನ ನೀರು ಆರಿದಂತೆ ಪಾಲಿಮರ್ ಕಣಗಳು ಒಂದಕ್ಕೊಂದು ಬೆಸೆದು ಪ್ಲಾಸ್ಟಿಕ್ ಪೊರೆಯಾಗುತ್ತವೆ. ಆಮೇಲೆ ಎಷ್ಟು ನೀರು ಹೊಯ್ದರೂ ಅದು ಕರಗುವುದಿಲ್ಲ. ಅಷ್ಟು ಕಿರಿದಾದ ದಾರಿಯಲ್ಲಿ ಅಂಥ ಪೊರೆ ಕಟ್ಟಿಕೊಂಡರೆ ಕಲಾವಿದನ ಪ್ರತಿಭೆಯೂ ಅಲ್ಲಿಗೇ ನಿಲ್ಲುತ್ತದೆ.

ಕಟ್ಟಿಕೊಂಡ ಏರ್‌ಬ್ರಷ್ ಸುಮ್ಮನಿರುವುದಿಲ್ಲ, ತನ್ನ ಕಾಯಿಲೆ ತಾನೇ ಹೇಳುತ್ತದೆ. ಬಣ್ಣ ಉಗುಳುತ್ತ ಬಂದರೆ ಸೂಜಿಯ ತುದಿಯಲ್ಲಿ ಬಣ್ಣ ಒಣಗಿದೆ, ಇಲ್ಲವೇ ಕಲಸಿದ ಬಣ್ಣ ಗಟ್ಟಿಯಾಗಿದೆ. ಬಟ್ಟಲಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ಹಿಂದಕ್ಕೆ ನುಗ್ಗುತ್ತಿದೆ: ನಾಝಲ್ ಸರಿಯಾಗಿ ಕೂತಿಲ್ಲ, ಸೀಳಿದೆ, ಅಥವಾ ಮೂತಿಯಲ್ಲಿ ಕಸ ಕಟ್ಟಿದೆ. ತುಂತುರು ಒಂದು ಬದಿಗೆ ವಾಲಿದರೆ ಸೂಜಿ ಬಾಗಿರಬಹುದು. ಟ್ರಿಗರ್ ಬಿಟ್ಟರೂ ಬಣ್ಣ ಸೋರುತ್ತಿದ್ದರೆ ಸೂಜಿ ನಾಝಲ್ಲಿನೊಳಗೆ ಪೂರ್ತಿ ಕೂರುತ್ತಿಲ್ಲ. ಗುರುತಿನಿಂದ ಕಾರಣಕ್ಕೆ ಹೋಗುವ ಈ ಕೆಲಸಕ್ಕೂ, ಓಲೆಗರಿಯ ಸಾಲೊಂದು ಎಲ್ಲಿ ಕೆಟ್ಟಿದೆ, ಲಿಪಿಕಾರ ಯಾಕೆ ಎಡವಿದ ಎಂದು ಪಾಠಾಂತರಗಳನ್ನು ಹೋಲಿಸುವ ಕೆಲಸಕ್ಕೂ ಬುದ್ಧಿಯ ಮಟ್ಟದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಒಂದಕ್ಕೆ ನಾವು ಗ್ರಂಥಸಂಪಾದನೆ ಎಂಬ ಹೆಸರು ಕೊಟ್ಟಿದ್ದೇವೆ. ಇನ್ನೊಂದು ಬರೀ ತೊಳೆಯುವುದು.

ಆ ತೊಳೆಯುವುದಕ್ಕೂ ಕ್ರಮವಿದೆ. ಬಣ್ಣ ಬದಲಿಸುವಾಗಲೆಲ್ಲ ಬಟ್ಟಲು ಖಾಲಿ ಮಾಡಿ, ಆ ಬಣ್ಣಕ್ಕೆ ಹೊಂದುವ ಕ್ಲೀನರ್ ಹಾಕಿ, ಬಣ್ಣವಿಲ್ಲದ ತುಂತುರು ಬರುವ ತನಕ ಊದಬೇಕು. ಮೂತಿಗೆ ಬಟ್ಟೆ ಒತ್ತಿಹಿಡಿದು ಕಡಿಮೆ ಒತ್ತಡದಲ್ಲಿ ಗಾಳಿ ಬಿಟ್ಟರೆ ಅದು ಹಿಂದಕ್ಕೆ ತಿರುಗುತ್ತದೆ, ಒಳಗಿನ ಕಸ ಗುಳ್ಳೆಗಳ ಜೊತೆ ಬಟ್ಟಲಿಗೆ ಏಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸೂಜಿಯನ್ನು ಹೊರತೆಗೆದು, ಕ್ಲೀನರಿನಲ್ಲಿ ನೆನೆಸಿದ ಬಟ್ಟೆಯ ಮಡಿಕೆಯಲ್ಲಿಟ್ಟು, ದಪ್ಪ ಭಾಗದಿಂದ ತುದಿಯ ಕಡೆಗೆ ತಿರುಗಿಸುತ್ತ ಒರೆಸಬೇಕು. ಎದುರು ದಿಕ್ಕಿನಲ್ಲಿ ಒರೆಸಿದರೆ ತುದಿ ಬಟ್ಟೆಗೆ ಸಿಕ್ಕಿ ಬಾಗುತ್ತದೆ, ಬೆರಳಿಗೂ ಚುಚ್ಚುತ್ತದೆ. ನಾಝಲ್ ಬಿಚ್ಚಿ ನೆನೆಹಾಕಬೇಕು. ಇಡೀ ಉಪಕರಣವನ್ನೇ ಲ್ಯಾಕರ್ ತಿನ್ನರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ರಬ್ಬರ್ ಬಳೆಗಳು ಉಬ್ಬಿ ಕೆಡಬಹುದು. ನಾಝಲ್ ಮರಳಿ ಕೂರಿಸುವಾಗ ಜೋರು ಮಾಡಿದರೆ ಅದರ ತಿರುಪು ಮುರಿದು ಒಳಗೇ ಉಳಿಯುತ್ತದೆ. ಇಷ್ಟನ್ನೂ ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಮಾಡಬೇಕು.

ನಾವು ಜುಗಾಡ್ ಎಂದು ಮೆರೆಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ಸೇಫ್ಟಿಪಿನ್ ಚುಚ್ಚಿದರೆ ಕಸ ಹೋಗಬಹುದು, ಜೊತೆಗೆ ರಂಧ್ರದ ದುಂಡೂ ಹೋಗುತ್ತದೆ. ಇನ್ನೊಂದು ಜಾಣತನ ದುಡ್ಡಿದ್ದವರದು: ಎಸೆದು ಹೊಸದು ತಗೊಳ್ಳಿ. ಎರಡರ ಹಿಂದೆಯೂ ಇರುವುದು ಒಂದೇ ಮನಸ್ಸು, ಕೊಳೆಯ ಎದುರು ಕೂರಲು ಒಲ್ಲದ ಮನಸ್ಸು.

ಈ ಮನಸ್ಸು ಬರೆದ ಚರಿತ್ರೆಯೂ ಹಾಗೇ ಇದೆ. ಏರ್‌ಬ್ರಷ್‌ನ ಕಥೆಯಲ್ಲಿ 1879ರ ಹೊತ್ತಿಗೆ ಅಮೆರಿಕದ ಅಯೋವಾದಲ್ಲಿ ಅದರ ಆರಂಭದ ರೂಪವೊಂದನ್ನು ಮಾಡಿದ ಆಬ್ನರ್ ಪೀಲರ್ ಬರುತ್ತಾನೆ, ಪೇಟೆಂಟ್ ಪಡೆದ ಚಾರ್ಲ್ಸ್ ಬರ್ಡಿಕ್ ಬರುತ್ತಾನೆ, ಅದರಿಂದ ಚಿತ್ರ ಬರೆದ ಮ್ಯಾನ್ ರೇ ಬರುತ್ತಾನೆ. ಫೋಟೊ ತಿದ್ದುವ ಸ್ಟುಡಿಯೋಗಳಲ್ಲಿ ದಿನದ ಕೊನೆಗೆ ಸೂಜಿ ಒರೆಸಿಟ್ಟವರು ಬರುವುದಿಲ್ಲ. ಇದನ್ನು ಕಲೆಯ ಒಳಗಿನಿಂದಲೇ ಪ್ರಶ್ನಿಸಿದವರೂ ಇದ್ದಾರೆ. ನ್ಯೂಯಾರ್ಕಿನ ಮಿಯರ್ಲ್ ಲ್ಯಾಡರ್‌ಮನ್ ಯೂಕಲೀಸ್ ಮೊದಲ ಮಗುವಿನ ತಾಯಿಯಾದ ಮೇಲೆ, 1969ರಲ್ಲಿ, ನಿರ್ವಹಣೆಯೇ ಕಲೆ ಎಂದು ಪ್ರಣಾಳಿಕೆ ಬರೆದರು. 1973ರಲ್ಲಿ ಹಾರ್ಟ್‌ಫರ್ಡ್‌ನ ಮ್ಯೂಸಿಯಮ್ಮಿನ ಮೆಟ್ಟಿಲುಗಳನ್ನು ತಾವೇ ತೊಳೆದು ಅದನ್ನು ಕಲಾಕೃತಿ ಎಂದರು.

ನಮ್ಮಲ್ಲಿ ಈ ಪ್ರಶ್ನೆಗೆ ಜಾತಿಯ ಬೇರಿದೆ. 'ಯಾರೂ ಸಿಗಲ್ವಾ' ಎಂಬ ಮಾತಿನಲ್ಲಿ ಆ 'ಯಾರೋ' ಯಾರೆಂದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ ಶರಣರ ಸಾಲಿನಲ್ಲಿ ಕೂತು ಎಂಟು ಶತಮಾನ ದಾಟಿದೆ. ನಾವು ಆತನ ವಚನಗಳನ್ನು ಓದುತ್ತೇವೆ, ಒಗೆಯುವುದನ್ನು ಇನ್ನೊಬ್ಬರಿಗೇ ಬಿಟ್ಟಿದ್ದೇವೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಮಂತ್ರಿಯಾಗಿ ಅವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದನ್ನು ಅಷ್ಟೇ ಚೆನ್ನಾಗಿ ಬಲ್ಲವರು ಎಷ್ಟು ಜನ? ನನ್ನ ಹವ್ಯಾಸದ ಸೂಜಿಯನ್ನು ಆ ಯಾತನೆಯ ಪಕ್ಕದಲ್ಲಿಡುವ ಉದ್ಧಟತನ ನನಗಿಲ್ಲ. ಆದರೆ ಎರಡೂ ಕಡೆ ಕೆಲಸ ಮಾಡುವ ತರ್ಕ ಒಂದೇ: ಹುಟ್ಟಿಸುವುದು ಮೇಲು, ತೊಳೆಯುವುದು ಕೀಳು.

ಇದಕ್ಕೊಂದು ಗಟ್ಟಿ ಆಕ್ಷೇಪಣೆ ಉಂಟು. ತೊಳೆಯುವುದನ್ನು ಹಾಡಿ ಹೊಗಳುವುದೂ ಹಳೆಯ ಉಪಾಯವಲ್ಲವೇ? ಕೆಲಸ ಪವಿತ್ರ ಎನ್ನುವುದು, ಸಂಬಳದ ಮಾತು ಬಂದಾಗ ಮುಖ ತಿರುಗಿಸುವುದು. ಈ ಆಕ್ಷೇಪಣೆ ನಿಜ. ಯೂಕಲೀಸ್ ಮುಂದೆ ನ್ಯೂಯಾರ್ಕಿನ 8,500 ನೈರ್ಮಲ್ಯ ಕಾರ್ಮಿಕರ ಕೈ ಕುಲುಕಿ ಧನ್ಯವಾದ ಹೇಳಿದರು. ಅದು ದೊಡ್ಡದು, ಆದರೆ ಕೈ ಕುಲುಕಿದರೆ ಕೂಲಿ ಹೆಚ್ಚುವುದಿಲ್ಲ. ಕೊರೊನಾ ಕಾಲದಲ್ಲಿ ನಾವು ಪೌರಕಾರ್ಮಿಕರ ಮೇಲೆ ಹೂ ಸುರಿದೆವು. 2022ರಲ್ಲಿ ಅದೇ ಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಬೆಂಗಳೂರಿನಲ್ಲಿ ಮುಷ್ಕರ ಕೂರಬೇಕಾಯಿತು. ಆಯುಧಪೂಜೆಯ ದಿನ ಸ್ಪ್ಯಾನರಿಗೂ ಕುಂಕುಮ ಹಚ್ಚುವ ನಮಗೆ ಪೂಜೆ ಸುಲಭ. ನಾನು ಕೇಳುತ್ತಿರುವುದು ಪೂಜೆಯನ್ನಲ್ಲ, ಪಾಲನ್ನು. ಬಳಸಿದವರೇ ತೊಳೆಯಲಿ. ತೊಳೆಯಲು ಇನ್ನೊಬ್ಬರು ಬೇಕೇ ಬೇಕೆಂದಾದರೆ ಅವರ ಹೆಸರು, ಅವರ ಗಂಟೆ, ಅವರ ಸಂಬಳ ಕೃತಿಯ ಲೆಕ್ಕದಲ್ಲಿ ಸೇರಲಿ.

ಚಿತ್ರಕಲಾ ಶಾಲೆಗಳ ವೇಳಾಪಟ್ಟಿಯಲ್ಲಿ ತೊಳೆಯುವ ಗಂಟೆಯೂ ಇರಲಿ, ಅದಕ್ಕೆ ಅಂಕವೂ ಇರಲಿ. ಸಂಶೋಧನಾ ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿಗೆ, ಗ್ರಂಥಪಾಲಕರಿಗೆ ವಂದಿಸಿದ ಮೇಲೆ, ನಾವು ಬರೆದ ಕೋಣೆಯನ್ನು ಪ್ರತಿದಿನ ಗುಡಿಸಿದವರ ಹೆಸರು ಕೇಳಿ ತಿಳಿದು ಬರೆಯೋಣ. ನನ್ನ ಪ್ರಬಂಧದಲ್ಲಿ ಬರೆಯುತ್ತೇನೆ. ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ಯಾರಾದರೂ ಗೆರೆ ಎಳೆದು ವಾಪಸು ಕಳಿಸಿದರೆ, ಯಾಕೆ ಸಂಬಂಧಿಸಿಲ್ಲ ಎಂಬುದನ್ನು ಬರಹದಲ್ಲಿ ಕೊಡಿ ಎಂದು ಕೇಳುತ್ತೇನೆ.