ಲೆಕ್ಕ ಬರೆಯುವ ಚಿಪ್ ಬೀಗ ಹಾಕುವುದೇಕೆ?

ಪ್ರಿಂಟರ್ ಕಾರ್ಟ್ರಿಜ್‌ಗೆ ಚಿಪ್ ಬೇಕೇ ಬೇಕು ಎನ್ನುವವರು ಮೊದಲು ಕೇಳುವ ಪ್ರಶ್ನೆ ಇದು: ‘ಅದಿಲ್ಲದಿದ್ದರೆ ಶಾಯಿ ಎಷ್ಟು ಉಳಿದಿದೆ ಅಂತ ನಿಮಗೆ ಗೊತ್ತಾಗುವುದಾದರೂ ಹೇಗೆ?’

ಬಹುತೇಕ ಚಿಪ್‌ಗಳು ಶಾಯಿಯನ್ನು ನೋಡುವುದೇ ಇಲ್ಲ. ಉಗುರಿನಗಲದ ಹಲಗೆ, ಅದರ ಮೇಲೆ ಚಿನ್ನದ ಬಣ್ಣದ ಕೆಲವು ಚುಕ್ಕೆಗಳು, ಒಳಗೊಂದು ಪುಟ್ಟ ಮೆಮೊರಿ. ಇಷ್ಟೇ ಅದರ ಸಂಸಾರ. ಎಷ್ಟು ಹನಿ ಉದುರಿತು, ಎಷ್ಟು ಪುಟ ಹೊರಬಂತು ಎಂದು ಪ್ರಿಂಟರ್ ಎಣಿಸುತ್ತಾ ಹೋಗುತ್ತದೆ, ಆ ಅಂದಾಜನ್ನು ಚಿಪ್‌ನಲ್ಲಿ ಬರೆದಿಡುತ್ತದೆ. ಜತೆಗೆ ಮಾದರಿ, ಸೀರಿಯಲ್ ನಂಬರು, ಕೆಲವದರಲ್ಲಿ ಯಾವ ವಲಯದ ದೇಶಗಳಿಗೆಂದು ಮಾರಿದ್ದು ಎಂಬ ವಿವರವೂ ಇರುತ್ತದೆ. ಲೆಕ್ಕ ಮುಗಿದ ಮೇಲೆ ಅದೇ ಡಬ್ಬಿಗೆ ಶಾಯಿಯನ್ನೋ ಟೋನರ್ ಪುಡಿಯನ್ನೋ ತುಂಬಿ ಕೂರಿಸಿ ನೋಡಿ. ಡಬ್ಬಿ ತುಂಬಿರುತ್ತದೆ, ಚಿಪ್ ಮಾತ್ರ ಖಾಲಿ ಎನ್ನುತ್ತದೆ, ಪ್ರಿಂಟರ್ ಚಿಪ್‌ನ ಮಾತನ್ನೇ ನಂಬುತ್ತದೆ. ಶಾಯಿ ಕಡಿಮೆಯಾಗಿದೆ ಎಂದು ಅದು ಹೇಳಲಿ, ಬೇಡವೆಂದವರಾರು? ಹೇಳುವ ಕೆಲಸಕ್ಕೆ ಬಂದದ್ದು ತಡೆಯುವ ಅಧಿಕಾರವನ್ನೂ ಕೈಗೆ ತೆಗೆದುಕೊಂಡಿತಲ್ಲ, ನನ್ನ ಜಗಳ ಅದರ ಮೇಲೆ.

ಎರಡನೆಯ ವಾದ ಗುಣಮಟ್ಟದ್ದು. ಚಿಪ್ ಇಲ್ಲದ ಕಾರ್ಟ್ರಿಜ್ ಹಾಕಿದರೆ ಅಕ್ಷರ ಮಸುಕಾಗುತ್ತದೆ, ಯಂತ್ರವೇ ಕೆಡುತ್ತದೆ ಎನ್ನುತ್ತಾರೆ. ಇದಕ್ಕೆ ನಾನು ಉತ್ತರ ಹುಡುಕಬೇಕಾಗಿಲ್ಲ. ಕ್ಯಾನನ್ ಕಂಪನಿಯೇ ಕೊಟ್ಟಿದೆ. ಕೋವಿಡ್ ಕಾಲದ ಸೆಮಿಕಂಡಕ್ಟರ್ ಕೊರತೆಯಲ್ಲಿ ಚಿಪ್ ಸಿಗದೆ, ಅದು ತನ್ನದೇ ಟೋನರ್ ಕಾರ್ಟ್ರಿಜ್‌ಗಳನ್ನು ಚಿಪ್ ಇಲ್ಲದೆ ಮಾರಬೇಕಾಗಿ ಬಂತು. ಆಗ ಪ್ರಿಂಟರ್‌ಗಳು ಕಂಪನಿಯ ಅಸಲಿ ಮಾಲನ್ನೇ ನಕಲಿ ಎಂದು ಶಂಕಿಸತೊಡಗಿದವು. 2022ರ ಜನವರಿಯಲ್ಲಿ ಕ್ಯಾನನ್‌ನ ಜರ್ಮನಿ ಶಾಖೆ ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಗ್ರಾಹಕರಿಗೆ ಪಾಠ ಹೇಳಿಕೊಟ್ಟಿತು. ಮುದ್ರಣದ ಗುಣಮಟ್ಟಕ್ಕೆ ತೊಂದರೆಯಿಲ್ಲ, ಟೋನರ್ ಎಷ್ಟಿದೆಯೆಂಬ ಮಾಹಿತಿಯಂಥ ಕೆಲವು ಸೌಲಭ್ಯಗಳು ಮಾತ್ರ ಸಿಗದೇ ಹೋಗಬಹುದು ಎಂದಿತು. ಬೇರೆಯವರ ಕಾರ್ಟ್ರಿಜ್‌ನಲ್ಲಿ ಚಿಪ್ ಇಲ್ಲದಿದ್ದರೆ ಯಂತ್ರಕ್ಕೆ ಅಪಾಯ, ತನ್ನದರಲ್ಲಿ ಇಲ್ಲದಿದ್ದರೆ ಏನೂ ಇಲ್ಲ!

ಕಳಪೆ ಪುಡಿಯಿಂದ ಹಾನಿಯಾಗುವುದು ನಿಜ. ಪುಡಿ ಸೋರುತ್ತದೆ, ಡ್ರಮ್ ಮೇಲೆ ಗೀರು ಬೀಳುತ್ತದೆ, ಪ್ರತಿ ಪುಟದ ಅಂಚಿನಲ್ಲೂ ಕಪ್ಪು ಗೆರೆ ಬರುತ್ತದೆ. ಆದರೆ ಒಳ್ಳೆಯ ರೀಫಿಲ್ ಹೇಗಿರುತ್ತದೆಂದು ನೋಡಬೇಕಾದರೆ ಯಾವುದಾದರೂ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ. ಪಹಣಿ, ಜಾತಿ ಪ್ರಮಾಣಪತ್ರ, ಹಾಲ್ ಟಿಕೆಟ್ ದಿನವಿಡೀ ಅಲ್ಲಿ ಅಚ್ಚಾಗುತ್ತಿರುತ್ತವೆ. ಎಚ್‌ಪಿಯ 12ಎ ಕಾರ್ಟ್ರಿಜ್‌ಗೆ ಚಿಪ್ಪೇ ಇಲ್ಲ. ಅಂಥ ಅಂಗಡಿಯೊಂದರಲ್ಲಿ ನಾನು ಕಂಡ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಆ ಕಾರ್ಟ್ರಿಜ್ಜನ್ನು ಎರಡು ಹೋಳು ಮಾಡಿ, ಬೆಳಕು ತಾಗದಂತೆ ಡ್ರಮ್ಮನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಹಳೆಯ ಕಸದ ಪುಡಿಯನ್ನು ನ್ಯೂಸ್‌ಪೇಪರ್ ಮೇಲೆ ತಟ್ಟಿ ಸುರಿದ, ಬ್ಲೇಡ್ ಒರೆಸಿದ, ಹೊಸ ಪುಡಿ ಹಾಕಿ ಟೆಸ್ಟ್ ಪೇಜ್ ತೆಗೆದು ಬೆಳಕಿಗೆ ಹಿಡಿದ. ಪಕ್ಕದಲ್ಲೇ ಚಿಪ್ ಇರುವ ಹೊಸ ಮಾದರಿಯೊಂದಿತ್ತು. ಅದಕ್ಕೆ ಇಷ್ಟೂ ಮಾಡಿದ ಮೇಲೆ ಹಳೆಯ ಚಿಪ್ಪನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ಬೇರೆ ಕಡೆಯಿಂದ ಕೊಂಡು ತಂದ ಹೊಸ ಚಿಪ್ಪನ್ನು ಅಂಟಿಸಬೇಕು. ‘ಅಪ್‌ಡೇಟ್ ಅಂತ ಬಂದ್ರೆ ಮಾತ್ರ ಒತ್ತಬೇಡಿ ಸಾರ್, ಮತ್ತೆ ಈ ಚಿಪ್ಪೂ ನಡೆಯಲ್ಲ’ ಅಂದ. ಪುಡಿ ಹೇಗಿದೆ, ಡ್ರಮ್ ಹೇಗಿದೆ ಎಂಬುದು ಆ ಚಿಪ್‌ಗೆ ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ತಾನು ಯಾರ ಕಡೆಯವನು ಎಂಬುದಷ್ಟೆ.

ಹುಡುಗ ಹೆದರಿದ್ದು ಸುಮ್ಮನೆ ಅಲ್ಲ. 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಹಲವು ಆಫೀಸ್‌ಜೆಟ್ ಪ್ರಿಂಟರ್‌ಗಳು, ಅಲ್ಲಿಯವರೆಗೂ ಸರಿಯಾಗಿ ನಡೆಯುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ತಿರಸ್ಕರಿಸಿದವು. ಮೊದಲೇ ಕಳಿಸಿದ್ದ ಫರ್ಮ್‌ವೇರ್ ಆ ದಿನಕ್ಕಾಗಿ ಒಳಗೆ ಕಾದು ಕುಳಿತಿತ್ತು. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿತು. ಇನ್ನೂ ಚೆನ್ನಾಗಿ ತಿಳಿಸಬೇಕಾಗಿತ್ತು ಎಂಬುದು ಆ ಕ್ಷಮೆಯ ತಿರುಳು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ಬಗೆಯ ನಿರ್ಬಂಧಗಳನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಎಚ್‌ಪಿಗೆ 1 ಕೋಟಿ ಯೂರೊ ದಂಡ ಹಾಕಿತು. ‘ಬಾಕ್ಸ್ ಮೇಲೆ ಬರೆದಿದೆಯಲ್ಲ, ಓದಿ ಕೊಳ್ಳಬೇಕಿತ್ತು’ ಎಂದು ನಮ್ಮ ಮೇಲೆಯೇ ತಪ್ಪು ಹೊರಿಸುವವರಿಗೆ ಈ ಎರಡು ಪ್ರಕರಣಗಳೇ ಸಾಕು. ಕೊಂಡ ದಿನ ಇಲ್ಲದ ನಿಯಮವನ್ನು ಓದುವುದು ಹೇಗೆ?

ಇತ್ತೀಚಿನ ವಾದ ವೈರಸ್‌ನದು. 2024ರ ಜನವರಿಯಲ್ಲಿ ಎಚ್‌ಪಿಯ ಮುಖ್ಯಸ್ಥ ಎನ್ರಿಕೆ ಲೋರೆಸ್ ಟಿವಿ ಸಂದರ್ಶನವೊಂದರಲ್ಲಿ, ಕಾರ್ಟ್ರಿಜ್ ಮೂಲಕ ಪ್ರಿಂಟರ್‌ಗೆ, ಅಲ್ಲಿಂದ ನೆಟ್‌ವರ್ಕ್‌ಗೆ ವೈರಸ್ ಸಾಗಬಹುದು ಎಂದರು. ಕಂಪನಿಯೇ ಹಣ ಕೊಟ್ಟು ನಡೆಸಿದ ದೋಷ ಹುಡುಕುವ ಯೋಜನೆಯಲ್ಲಿ ಅಂಥ ದಾರಿಯೊಂದು ಪತ್ತೆಯಾಗಿದ್ದೂ ಹೌದು. ಆದರೆ ಆ ದಾರಿ ಹುಟ್ಟಿದ್ದು ಎಲ್ಲಿ? ಚಿಪ್ ಹೇಳಿದ್ದನ್ನು ಪ್ರಿಂಟರ್ ಎಚ್ಚರವಿಲ್ಲದೆ ಓದಿಕೊಂಡದ್ದರಲ್ಲಿ. ಕಾರ್ಟ್ರಿಜ್ ಬರೀ ಶಾಯಿಯ ಡಬ್ಬಿಯಾಗಿದ್ದರೆ ವೈರಸ್ ಕೂರಲು ಜಾಗವೇ ಇರುತ್ತಿರಲಿಲ್ಲ. ತಾವೇ ಕಿಟಕಿ ಇಟ್ಟು, ಕಳ್ಳ ಬಂದಾನೆಂದು ನಮ್ಮನ್ನು ಒಳಗೆ ಕೂಡಿಹಾಕುವ ಈ ತರ್ಕ ನನಗಂತೂ ಹಿಡಿಸದು. ಅದೇ ಸಂದರ್ಶನದಲ್ಲಿ ಅವರು ಇನ್ನೊಂದು ಮಾತನ್ನೂ ಆಡಿದರು. ಪ್ರಿಂಟರ್ ಕೊಂಡವರು ಕಂಪನಿಯ ಶಾಯಿ ಬಳಸದಿದ್ದರೆ ಅದು ಕಂಪನಿಗೆ ನಷ್ಟದ ಹೂಡಿಕೆ ಎಂಬ ಅರ್ಥದ ಮಾತು. ವೈರಸ್‌ಗಿಂತ ಇದೇ ನಿಜವಾದ ಚಿಂತೆ ಎಂದು ನನ್ನ ಅನುಮಾನ.

ಕಾನೂನು ತಮ್ಮ ಪರ ಎನ್ನುವವರು ಅಮೆರಿಕದ ಲೆಕ್ಸ್‌ಮಾರ್ಕ್ ಕಥೆ ಕೇಳಬೇಕು. ಚಿಪ್ ನಕಲು ಮಾಡಿದರೆಂದು ಆ ಕಂಪನಿ 2002ರ ಕೊನೆಯಲ್ಲಿ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿತು. ಸಿನಿಮಾ, ಹಾಡುಗಳ ಡಿಜಿಟಲ್ ಕಳ್ಳತನ ತಡೆಯಲು 1998ರಲ್ಲಿ ಮಾಡಿದ ಕೃತಿಸ್ವಾಮ್ಯ ಕಾಯ್ದೆಯನ್ನು ಟೋನರ್ ಡಬ್ಬಿಗೆ ಹೊದಿಸಿತು. ‘ಕೃತಿ’ ಎಂದು ಅದು ಹೇಳಿಕೊಂಡ ಪ್ರೋಗ್ರಾಂಗಳಲ್ಲೊಂದು ಒಂದು ಮಾದರಿಯಲ್ಲಿ 37 ಬೈಟ್, ಇನ್ನೊಂದರಲ್ಲಿ 55 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಸಾಧಾರಣ ವಾಕ್ಯ ಉಳಿಸಲು ಅದಕ್ಕಿಂತ ಹೆಚ್ಚು ಜಾಗ ಬೇಕು. ಕೆಳ ನ್ಯಾಯಾಲಯ ಒಪ್ಪಿ ತಡೆಯಾಜ್ಞೆ ಕೊಟ್ಟಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಮುಂದೆ ಪೇಟೆಂಟ್ ಹೆಸರಿನಲ್ಲಿ ಮತ್ತೊಂದು ಯತ್ನ ನಡೆಯಿತು. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್, ಮಾರಿದ ವಸ್ತುವಿನ ಮೇಲೆ ಮಾರಿದವರ ಪೇಟೆಂಟ್ ಹಕ್ಕು ಅಲ್ಲಿಗೇ ಮುಗಿಯಿತು ಎಂದಿತು. ದೇಶದೊಳಗೆ ಮಾರಿದ ಕಾರ್ಟ್ರಿಜ್‌ಗಳ ಮಟ್ಟಿಗೆ ವಿಚಾರಣೆಗೆ ಕುಳಿತ ಎಂಟೂ ನ್ಯಾಯಮೂರ್ತಿಗಳದು ಒಂದೇ ಮಾತು. ತಮಾಷೆಯೆಂದರೆ, ಅಷ್ಟು ಹೊತ್ತಿಗೆ ಚೀನಾದ ಝುಹಾಯ್‌ನ ಏಪೆಕ್ಸ್, ಅಂದರೆ ಇಂಥ ಬದಲಿ ಚಿಪ್‌ಗಳನ್ನೇ ಮಾಡಿ ಬೆಳೆದ ಕಂಪನಿ, 2015ರಲ್ಲಿ ಸ್ಟ್ಯಾಟಿಕ್ ಕಂಟ್ರೋಲನ್ನೂ 2016ರಲ್ಲಿ ಪಾಲುದಾರರ ಜತೆ ಸೇರಿ ಲೆಕ್ಸ್‌ಮಾರ್ಕನ್ನೂ ಕೊಂಡುಕೊಂಡಿತ್ತು. ಮೊದಲ ದಾವೆಯ ವಾದಿ, ಪ್ರತಿವಾದಿ ಇಬ್ಬರಿಗೂ ಆಗ ಒಬ್ಬನೇ ಯಜಮಾನ!

‘ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಗಿಟ್ಟಿಸುತ್ತೇವೆ, ಚಿಪ್ ತೆಗೆದರೆ ಪ್ರಿಂಟರ್ ಬೆಲೆ ಏರುತ್ತದೆ’ ಎನ್ನುವುದು ಇದ್ದುದರಲ್ಲಿ ಪ್ರಾಮಾಣಿಕವಾದ ವಾದ. ಏರಲಿ. ಏರಿಸಿಯೂ ಮಾರಬಹುದೆಂದು ನಮ್ಮ ಕಡೆಯ ಮಾರುಕಟ್ಟೆಯೇ ತೋರಿಸಿದೆ. ಇಂಡೋನೇಷ್ಯಾದಲ್ಲಿ ಜನ ಪ್ರಿಂಟರ್‌ಗೆ ಹೊರಗಿನಿಂದ ಕೊಳವೆ, ಬಾಟಲಿ ಜೋಡಿಸಿಕೊಂಡು ಅಗ್ಗದ ಶಾಯಿ ಹರಿಸುತ್ತಿದ್ದುದನ್ನು ಕಂಡು, ಎಪ್ಸನ್ 2010ರಲ್ಲಿ ಅಲ್ಲೇ ಇಂಕ್ ಟ್ಯಾಂಕ್ ಪ್ರಿಂಟರನ್ನು ಮೊದಲು ಬಿಟ್ಟಿತು. ಯಂತ್ರಕ್ಕೆ ಬೆಲೆ ಹೆಚ್ಚು, ಬಾಟಲಿ ಶಾಯಿಗೆ ಕಡಿಮೆ. ಭಾರತಕ್ಕೂ ಬಂತು, ಕ್ಯಾನನ್, ಎಚ್‌ಪಿ ಕೂಡ ಹಿಂದೆಯೇ ಬಂದವು. ಯಾರೂ ಅಂಗಡಿ ಮುಚ್ಚಲಿಲ್ಲ.

ನಕಲಿ ಮಾಲಿನ ಮಾತಿಗೆ ಹೆಚ್ಚು ಹೊತ್ತು ಬೇಡ. ಕಂಪನಿಯ ಹೆಸರು ಅಂಟಿಸಿ ಮಾರುವವನು ಮೋಸಗಾರ, ಅವನನ್ನು ಹಿಡಿಯಲು ಟ್ರೇಡ್‌ಮಾರ್ಕ್ ಕಾಯ್ದೆ ಇದೆ. ತನ್ನ ಹೆಸರಿನಲ್ಲೇ ರೀಫಿಲ್ ಮಾಡುವವನನ್ನು ಅವನ ಜತೆ ಕಟ್ಟುವುದು ಅನ್ಯಾಯ. ಪರಿಸರದ ಮಾತೂ ಅಷ್ಟೇ: ಮತ್ತೆ ತುಂಬಬಹುದಾದ ಡಬ್ಬಿಯನ್ನು ಕಸವಾಗಿಸಿ, ಆಮೇಲೆ ಅದನ್ನು ಮರುಬಳಕೆಗೆ ವಾಪಸ್ ಪಡೆಯುತ್ತೇವೆ ಎಂದರೆ ಏನು ಬಂತು? ನಮ್ಮ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜತೆಗೆ ಕಾರ್ಟ್ರಿಜ್‌ಗಳೂ ಸೇರಿವೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕಿ’ಗೆ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಮೊದಲು ಗುರುತಿಸಿತು. ಪ್ರಿಂಟರ್ ಅದರಲ್ಲಿ ಸೇರಲಿ. ಚಿಪ್ ಎಚ್ಚರಿಸಬಹುದು, ಆದರೆ ‘ಆದರೂ ಮುಂದುವರಿಸು’ ಎಂಬ ಬಟನ್ ಕೊಂಡವನ ಕೈಯಲ್ಲಿರಬೇಕು. ಮಾರಿದ ಮೇಲೆ ಅಪ್‌ಡೇಟ್ ಮೂಲಕ ಹೊಸ ನಿರ್ಬಂಧ ಹೇರಬಾರದು. ಅಲ್ಲಿಯವರೆಗೆ, ಹೊಸ ಪ್ರಿಂಟರ್ ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ: ‘ಬೇರೆಯವರ ಶಾಯಿ ಹಾಕಿದರೆ ಇದು ನಡೆಯುತ್ತದೆಯೇ?’ ನಡೆಯುವುದಿಲ್ಲ ಎಂದರೆ, ಬೇರೆ ಪ್ರಿಂಟರ್ ತೋರಿಸಿ ಎನ್ನಿ.