ತಾತನ ಕೊಳ್ಳಿದೆವ್ವ, ಅಮೆರಿಕದ ಹಾರುವ ತಟ್ಟೆ

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಮತ್ತೆ ಹಾರುವ ತಟ್ಟೆ ಪುರಾಣ. 2023ರಲ್ಲಿ ಅಮೆರಿಕದ ಸಂಸತ್ತಲ್ಲೇ ವಿಚಾರಣೆ ಆಗಿದೆ, ಏನೋ ಇರಲೇಬೇಕು ಅಂತ ಒಬ್ಬ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ನಾನು ತಾತನ ಕಥೆ ಹೇಳಿದೆ. ತುರುವೇಕೆರೆ ಹತ್ರ ನಮ್ಮ ತೋಟ. ರಾತ್ರಿ ನೀರು ಕಟ್ಟೋಕೆ ಹೋದವರಿಗೆ ತೆಂಗಿನ ಸಾಲಿನಾಚೆ ಬೆಂಕಿಯುಂಡೆ ಕಂಡಿತಂತೆ. ಆಮೇಲೇನೂ ನೆನಪಿಲ್ಲ, ಬೆಳಗಿನ ಜಾವ ಕೆರೆ ಏರಿ ಮೇಲಿದ್ದರು. ಕೊಳ್ಳಿದೆವ್ವ ಅಂತು ಊರು. ಇದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಯಾಕ್ ಸ್ವಾಮಿ ನಗು? 1961ರಲ್ಲಿ ಅಮೆರಿಕದ ಬೆಟ್ಟಿ, ಬಾರ್ನಿ ಹಿಲ್ ದಂಪತಿ ಹೇಳಿದ್ದೂ ಇದನ್ನೇ: ರಾತ್ರಿ, ಬೆಳಕು, ಲೆಕ್ಕಕ್ಕೆ ಸಿಗದ ಎರಡು ಗಂಟೆ. ಅದೇ ವರ್ಷ ವಿಸ್ಕಾನ್ಸಿನ್‌ನ ಜೋ ಸೈಮಂಟನ್, ತಟ್ಟೆಯವರು ತನಗೆ ಪ್ಯಾನ್‌ಕೇಕ್ ಕೊಟ್ಟರು ಅಂದ. ಪರೀಕ್ಷಿಸಿದರೆ ಭೂಮಿಯ ಹಿಟ್ಟೇ! ಜಾಕ್ ವಾಲೆ 1969ರಲ್ಲೇ 'ಪಾಸ್‌ಪೋರ್ಟ್ ಟು ಮ್ಯಾಗೋನಿಯಾ' ಪುಸ್ತಕದಲ್ಲಿ ಇಂಥವನ್ನೆಲ್ಲ ಯೂರೋಪಿನ ಕಿನ್ನರರ ಕಥೆಗಳ ಪಕ್ಕ ಇಟ್ಟು ತೋರಿಸಿದ್ದಾರೆ. ಅಲ್ಲೂ ಕುಳ್ಳರು, ಬೆಳಕು, ಕೊಟ್ಟ ತಿಂಡಿ, ಕಳೆದುಹೋದ ಹೊತ್ತು.

ಹಾಗಂತ ಕೊಳ್ಳಿದೆವ್ವವೇ ಅನ್ಯಗ್ರಹದ ವಿಮಾನ ಅಂತ ಫಾರ್ವರ್ಡ್ ಮಾಡಬೇಡಿ. ಹೋಲಿಕೆ ಪುರಾವೆ ಅಲ್ಲ. ಕತ್ತಲು, ಒಂಟಿ ಮನುಷ್ಯ, ನಿದ್ದೆಗಣ್ಣು, ಏನೆಂದು ಗೊತ್ತಾಗದ ಬೆಳಕು. ಮಿಕ್ಕಿದ್ದನ್ನ ಊರ ಕಥೆ ತುಂಬುತ್ತೆ. ಅವರಿಗೆ ರಾಕೆಟ್ಟು, ನಮಗೆ ದೆವ್ವ.

ನನ್ನ ತಕರಾರು ಇಷ್ಟೇ. ನಂಬೋದಾದ್ರೆ ಇಬ್ಬರನ್ನೂ ನಂಬಿ, ಅನುಮಾನ ಪಡೋದಾದ್ರೆ ಇಬ್ಬರ ಮೇಲೂ ಪಡಿ. ಇಂಗ್ಲಿಷಲ್ಲಿ ಹೇಳಿದ್ರೆ ಸಾಕ್ಷಿ, ತಿಪಟೂರು ಕಡೆ ಕನ್ನಡದಲ್ಲಿ ಹೇಳಿದ್ರೆ ಮೂಢನಂಬಿಕೆ ಅನ್ನೋದು ವಿಜ್ಞಾನ ಅಲ್ಲ, ಗುಲಾಮಗಿರಿ.

ತಾತ ಸುಳ್ಳು ಹೇಳೋ ಆಸಾಮಿ ಆಗಿರಲಿಲ್ಲ. ಬೇಜಾರು ಏನಂದ್ರೆ, ಅವತ್ತು ಎಲ್ಲರ ಜೊತೆ ನಾನೂ ನಕ್ಕುಬಿಟ್ಟೆ...